ಹಳೆಯ ವರ್ಕ್‌ಸ್ಟೇಷನ್‌ಗೆ ಲಿನಕ್ಸ್ ಒಗ್ಗುತ್ತಾ? ಡಿಸ್ಕ್ ಅಳಿಸುವ ಮುಂಚೆ ನೋಡಬೇಕಾದ್ದು

‘ಆಫೀಸಿನವರು ಹರಾಜು ಹಾಕಿದ ಡೆಲ್ ಪ್ರಿಸಿಷನ್ ಇದೆ, ಲಿನಕ್ಸ್ ಹಾಕಬಹುದಾ?’ ‘ಎಸ್‌.ಪಿ. ರೋಡಿನಲ್ಲಿ ಎಚ್‌ಪಿ ಝಡ್420 ನೋಡಿದೆ, ತಗೊಳ್ಳಲಾ?’ 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಬೆಂಬಲ ಮುಗಿದ ಮೇಲೆ ಈ ಪ್ರಶ್ನೆ ವಾರಕ್ಕೊಮ್ಮೆಯಾದರೂ ಬರುತ್ತದೆ. ಈ ಯಂತ್ರಗಳಿಗೆ ವಿಂಡೋಸ್ 11 ಇಲ್ಲ. ಅದು ಟಿಪಿಎಂ 2.0 ಭದ್ರತಾ ಚಿಪ್ಪನ್ನೂ ಇಂಟೆಲ್‌ನ 8ನೇ ಅಥವಾ ಅದರ ನಂತರದ ತಲೆಮಾರಿನ ಪ್ರೊಸೆಸರನ್ನೂ ಕೇಳುತ್ತದೆ.

ಉತ್ತರ ಚಿಕ್ಕದು: ಹಾಕಬಹುದು. ಆದರೆ ಮಾಡೆಲ್ ಹೆಸರು ಹೇಳಿ ‘ಒಗ್ಗುತ್ತಾ’ ಎಂದು ಕೇಳುವುದರಲ್ಲೇ ಎಡವಟ್ಟಿದೆ. ವಿಂಡೋಸ್ ಬದಲು ಹಾಕುವ ಆಪರೇಟಿಂಗ್ ಸಿಸ್ಟಂ ಆದ ಲಿನಕ್ಸ್ ಮಾತಾಡುವುದು ಪೆಟ್ಟಿಗೆಯ ಮೇಲಿನ ಲೋಗೋ ಜೊತೆ ಅಲ್ಲ, ಒಳಗಿನ ನಾಲ್ಕೈದು ಚಿಪ್‌ಗಳ ಜೊತೆ. ಒಂದೇ ಮಾಡೆಲ್ಲಿನ ಎರಡು ಯಂತ್ರಗಳಲ್ಲಿ ಬೇರೆ ಬೇರೆ ಗ್ರಾಫಿಕ್ಸ್ ಕಾರ್ಡ್ ಇದ್ದರೆ ಒಂದು ಹತ್ತು ನಿಮಿಷದಲ್ಲಿ ಸಿದ್ಧವಾಗುತ್ತದೆ, ಇನ್ನೊಂದು ಇಡೀ ಭಾನುವಾರ ತಿನ್ನುತ್ತದೆ. ಆದ್ದರಿಂದ ಚಿಪ್ ಯಾವುದೆಂದು ಪತ್ತೆ ಮಾಡುವ ದಾರಿಯನ್ನೇ ಇಲ್ಲಿ ಹೇಳುತ್ತೇನೆ.

ಮೊದಲು, ನಿಮ್ಮದು ಯಾವ ಕಾಲದ ಯಂತ್ರ?

ವರ್ಕ್‌ಸ್ಟೇಷನ್ ಎಂದರೆ ಎಂಜಿನಿಯರಿಂಗ್ ಡ್ರಾಯಿಂಗ್, ಅನಿಮೇಷನ್, ಲೆಕ್ಕಾಚಾರದ ಕೆಲಸಕ್ಕೆಂದು ಕಟ್ಟಿದ ದಪ್ಪ ಡೆಸ್ಕ್‌ಟಾಪ್. ಒಳಗೆ ಇಂಟೆಲ್ ಝಿಯಾನ್ ಪ್ರೊಸೆಸರ್, ತಪ್ಪನ್ನು ತಾನೇ ತಿದ್ದಿಕೊಳ್ಳುವ ಇಸಿಸಿ ಮೆಮೊರಿ, ಗಟ್ಟಿ ಪವರ್ ಸಪ್ಲೈ ಇರುತ್ತವೆ. ಹದಿನೈದು ವರ್ಷವಾದರೂ ಇವು ಸುಲಭಕ್ಕೆ ಸಾಯುವುದಿಲ್ಲ.

2007-08ರವು, ಅಂದರೆ ಡೆಲ್ ಟಿ5400, ಎಚ್‌ಪಿ ಎಕ್ಸ್‌ಡಬ್ಲ್ಯು8600: ಲಿನಕ್ಸ್ ಓಡುತ್ತದೆ, ಆದರೆ ಇವುಗಳ ಎಫ್‌ಬಿ-ಡಿಮ್ ಮೆಮೊರಿ ಕೆಂಡದಂತೆ ಕಾಯುತ್ತದೆ, ಕರೆಂಟೂ ಕುಡಿಯುತ್ತದೆ. ಬಿಟ್ಟಿ ಸಿಕ್ಕರೂ ನಾನು ಬೇಡ ಎನ್ನುವೆ. 2009ರಿಂದ ಬಂದ ಡೆಲ್ ಟಿ3500, ಎಚ್‌ಪಿ ಝಡ್400, ಲೆನೊವೊ ಥಿಂಕ್‌ಸ್ಟೇಷನ್ ಎಸ್20 ಇವತ್ತಿಗೂ ಮನೆ-ಆಫೀಸಿನ ಕೆಲಸಕ್ಕೆ ಸಾಕು. 2012-13ರ ಡೆಲ್ ಟಿ3600, ಟಿ3610, ಎಚ್‌ಪಿ ಝಡ್420, ಥಿಂಕ್‌ಸ್ಟೇಷನ್ ಎಸ್30 ಕೊಟ್ಟ ದುಡ್ಡಿಗೆ ಮೋಸ ಮಾಡದವು. 2014ರ ನಂತರದ ಡೆಲ್ 5810, ಝಡ್440 ನಿಮ್ಮ ಹತ್ತಿರ ಇದ್ದರೆ ಈ ಲೇಖನದ ಅರ್ಧ ಭಾಗ ಹಾರಿಸಿ ಓದಬಹುದು.

ಕಾಲ ಯಾಕೆ ಮುಖ್ಯ ಎಂದರೆ, ಕೆಲವು ಲಿನಕ್ಸ್ ವಿತರಣೆಗಳು ಹಳೆಯ ಪ್ರೊಸೆಸರ್‌ಗಳನ್ನು ಕೈಬಿಡುತ್ತಿವೆ. ವಿತರಣೆ ಎಂದರೆ ಲಿನಕ್ಸ್ ತಿರುಳಿನ ಸುತ್ತ ತಂತ್ರಾಂಶಗಳನ್ನು ಜೋಡಿಸಿ ಕೊಡುವ ಪೂರ್ತಿ ಕಟ್ಟು. ಆ ತಿರುಳಿಗೆ ಕರ್ನಲ್ ಎನ್ನುತ್ತಾರೆ. ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 9 ಓಡಲು ಇಂಟೆಲ್ 2008ರಲ್ಲಿ ತಂದ ನೆಹಾಲೆಮ್ ಪೀಳಿಗೆಯ ಅಥವಾ ನಂತರದ ಪ್ರೊಸೆಸರ್ ಬೇಕು. 2025ರಲ್ಲಿ ಬಂದ 10ನೇ ಆವೃತ್ತಿಗೆ 2013ರ ಹ್ಯಾಸ್‌ವೆಲ್ ಪೀಳಿಗೆಯೇ ಬೇಕು. ಹಾಗಾಗಿ ಝಡ್420ರಲ್ಲಿ ಅದು ಬೂಟ್ ಆಗುವುದೇ ಇಲ್ಲ. ಡೆಬಿಯನ್ 13ಕ್ಕೆ ಈ ತಕರಾರಿಲ್ಲ, 64-ಬಿಟ್ ಇದ್ದರೆ ಸಾಕು.

ಹೊಸಬರಿಗೆ ನಾನು ಹೇಳುವುದು ಲಿನಕ್ಸ್ ಮಿಂಟ್ 22, ಎಕ್ಸ್‌ಎಫ್‌ಸಿಇ ಆವೃತ್ತಿ. ಹಗುರ, ಮೆನು ವಿಂಡೋಸಿನಂತೆಯೇ ಇದೆ, 2029ರವರೆಗೆ ಅಪ್‌ಡೇಟ್ ಸಿಗುತ್ತದೆ. ಮುಂದಿನ ಹಂತಗಳೆಲ್ಲ ಇದನ್ನೇ ಹಿಡಿದು ಬರೆದಿದ್ದೇನೆ.

ವಿದ್ಯಾರ್ಥಿಗಳಿಗೆ ಒಂದು ಮಾತು. ಟಿ3500, ಝಡ್400 ಕಾಲದ ಝಿಯಾನ್‌ಗಳಲ್ಲಿ ಎವಿಎಕ್ಸ್ ಎಂಬ ಆದೇಶ ಗುಂಪು ಇಲ್ಲ. ಮಾಂಗೋಡಿಬಿ ಡೇಟಾಬೇಸಿನ 5.0 ಮತ್ತು ಅದರ ನಂತರದವು, ಯಂತ್ರಕಲಿಕೆಗೆ ಬಳಸುವ ಟೆನ್ಸರ್‌ಫ್ಲೋದ ಸಿದ್ಧ ಪ್ಯಾಕೇಜುಗಳು ಅದಿಲ್ಲದೆ ಓಡುವುದಿಲ್ಲ. ಪ್ರಾಜೆಕ್ಟ್ ಕೆಲಸಕ್ಕೆಂದೇ ಕೊಳ್ಳುವುದಾದರೆ 2012ರ ಪೀಳಿಗೆಗಿಂತ ಕೆಳಗಿಳಿಯಬೇಡಿ.

ಬೇಕಾದ ಸಾಮಾನು

8 ಜಿಬಿ ಅಥವಾ ದೊಡ್ಡ ಪೆನ್‌ಡ್ರೈವ್ ಒಂದು, ಚೆನ್ನಾಗಿ ಓಡುತ್ತಿರುವ ಇನ್ನೊಂದು ಕಂಪ್ಯೂಟರ್, ಸುಮಾರು 3 ಜಿಬಿ ಇಳಿಸಿಕೊಳ್ಳುವಷ್ಟು ಇಂಟರ್ನೆಟ್, ನೆಟ್‌ವರ್ಕ್ ಕೇಬಲ್ ಅಥವಾ ಆಂಡ್ರಾಯ್ಡ್ ಫೋನ್ ಮತ್ತು ಅದರ ಡೇಟಾ ಕೇಬಲ್, ಸಿಆರ್2032 ನಾಣ್ಯದ ಬ್ಯಾಟರಿ, ಸ್ಕ್ರೂಡ್ರೈವರ್. ಹಳೆಯ ಹಾರ್ಡ್‌ಡಿಸ್ಕ್ ಮಾತ್ರ ಇದ್ದರೆ ಒಂದು ಸಾಟಾ ಎಸ್‌ಎಸ್‌ಡಿ ಕೊಳ್ಳಿ. ಈ ಯಂತ್ರಗಳಿಗೆ ಖರ್ಚು ಮಾಡುವುದರಲ್ಲಿ ಅದಕ್ಕಿಂತ ಲಾಭದ್ದು ಇನ್ನೊಂದಿಲ್ಲ. ಮಿಂಟ್‌ಗೆ 2 ಜಿಬಿ ಮೆಮೊರಿ ಸಾಕು ಎಂದು ಬರೆದಿರುತ್ತಾರೆ. ಬ್ರೌಸರ್ ತೆರೆದರೆ 2 ಜಿಬಿ ಅಲ್ಲೇ ಮುಗಿಯುತ್ತದೆ, 8 ಜಿಬಿ ಇಟ್ಟುಕೊಳ್ಳಿ.

ಯುಪಿಎಸ್ ಬಗ್ಗೆ ಯಾರೂ ಹೇಳುವುದಿಲ್ಲ, ಆದ್ದರಿಂದ ಹೇಳುತ್ತೇನೆ. ಅಂಗಡಿಗಳಲ್ಲಿ ಸಾಮಾನ್ಯವಾಗಿ ಸಿಗುವ 600 ವಿಎ ಯುಪಿಎಸ್ ತಡೆಯುವುದು ಸುಮಾರು 360 ವ್ಯಾಟ್. ಝಿಯಾನ್ ಡಬ್ಲ್ಯು3500 ಸರಣಿಯ ಪ್ರೊಸೆಸರ್ ಒಂದೇ 130 ವ್ಯಾಟಿನದು. ಅದರ ಮೇಲೆ ದೊಡ್ಡ ಗ್ರಾಫಿಕ್ಸ್ ಕಾರ್ಡ್ ಮತ್ತು ಮಾನಿಟರ್ ಸೇರಿದರೆ ಕರೆಂಟ್ ಹೋದ ಕ್ಷಣವೇ ಯುಪಿಎಸ್ ಕಿರುಚಿ ಕೈಬಿಡುತ್ತದೆ. ಇನ್‌ಸ್ಟಾಲ್ ನಡೆಯುವಾಗ ಹೀಗಾಗುವುದು ಬೇಡ.

ಹಂತ 1: ಪೆಟ್ಟಿಗೆ ಬಿಚ್ಚಿ

ಪ್ಲಗ್ ಕಿತ್ತು ಪಕ್ಕದ ಬಾಗಿಲು ತೆಗೆಯಿರಿ. ಧೂಳು ಊದಿ. ಆಮೇಲೆ ಮೂರು ಕಡೆ ಕಣ್ಣು ಹಾಯಿಸಿ.

ಗ್ರಾಫಿಕ್ಸ್ ಕಾರ್ಡಿನ ಹಿಂಬದಿಯ ಅಂಟುಚೀಟಿಯಲ್ಲಿ ಅದರ ಪೂರ್ತಿ ಹೆಸರಿರುತ್ತದೆ, ಬರೆದುಕೊಳ್ಳಿ, 5ನೇ ಹಂತಕ್ಕೆ ಬೇಕು. ‘ಕಾರ್ಡ್ ತೆಗೆದುಬಿಡ್ತೀನಿ, ಬೋರ್ಡಿನದೇ ಸಾಕು’ ಅಂದುಕೊಳ್ಳಬೇಡಿ. ಇವುಗಳ ಝಿಯಾನ್‌ನೊಳಗೆ ಗ್ರಾಫಿಕ್ಸ್ ಇಲ್ಲ, ಕಾರ್ಡ್ ತೆಗೆದರೆ ಪರದೆ ಕಪ್ಪು.

ಮೆಮೊರಿ ಪಟ್ಟಿಯ ಚೀಟಿಯಲ್ಲಿ ‘ಪಿಸಿ3-10600’ ಎಂಬಂಥ ಸಂಖ್ಯೆ, ಅದರ ಬೆನ್ನಿಗೆ ಒಂದು ಅಕ್ಷರ ಇರುತ್ತದೆ. ‘ಇ’ ಇದ್ದರೆ ಬಫರ್ ಇಲ್ಲದ ಇಸಿಸಿ, ‘ಆರ್’ ಇದ್ದರೆ ಸರ್ವರಿನಲ್ಲಿ ಬಳಸುವ ರಿಜಿಸ್ಟರ್ಡ್ ಮೆಮೊರಿ. ಎರಡನ್ನೂ ಬೆರೆಸಿದರೆ ಯಂತ್ರ ಬೀಪ್ ಹೊಡೆಯುತ್ತದೆಯೇ ಹೊರತು ಏಳುವುದಿಲ್ಲ. ಝಡ್420ಕ್ಕೆ ಬೇಕಾದ್ದು ‘ಇ’. ಅಗ್ಗವಾಗಿ ರಾಶಿ ರಾಶಿ ಸಿಗುವುದು ‘ಆರ್’. ಅಂಗಡಿಯಲ್ಲಿ ‘ಎಲ್ಲಾ ಒಂದೇ ಸಾರ್’ ಅಂದರೆ ನಂಬಬೇಡಿ, ಚೀಟಿ ಓದಿ. ಟಿ3500ರಂಥವುಗಳಲ್ಲಿ ಮೆಮೊರಿ ಮೂರು ದಾರಿಯಲ್ಲಿ ಓಡುತ್ತದೆ, ಆದ್ದರಿಂದ ಪಟ್ಟಿಗಳನ್ನು ಮೂರು ಅಥವಾ ಆರರ ಲೆಕ್ಕದಲ್ಲಿ ಹಾಕಿ.

ಮೂರನೆಯದು ನಾಣ್ಯದ ಬ್ಯಾಟರಿ. ಹಳೆಯದಾಗಿದ್ದರೆ ಪರೀಕ್ಷಿಸುತ್ತ ಕೂರಬೇಡಿ, ಬದಲಿಸಿ. ಒಮ್ಮೆ ನಾನು ಇಡೀ ಸಂಜೆ ನೆಟ್‌ವರ್ಕ್ ಕಾರ್ಡನ್ನು ಬೈದುಕೊಂಡು ಕೂತಿದ್ದೆ. ಇಂಟರ್ನೆಟ್ ಇದೆ, ಆದರೆ ಯಾವ ವೆಬ್‌ಸೈಟೂ ತೆರೆಯದು, ಅಪ್‌ಡೇಟ್ ಕೇಳಿದರೆ ‘ಈ ಫೈಲ್ ಇನ್ನೂ ಚಾಲ್ತಿಗೆ ಬಂದಿಲ್ಲ’ ಎನ್ನುವ ವಿಚಿತ್ರ ದೂರು. ಮೂಲೆಯ ಗಡಿಯಾರ ನೋಡಿದರೆ ಯಂತ್ರ 2009ರಲ್ಲಿ ಕೂತಿತ್ತು! ಬ್ಯಾಟರಿ ಸತ್ತರೆ ದಿನಾಂಕ ಹಿಂದೆ ಹೋಗುತ್ತದೆ, ಆಗ ವೆಬ್‌ಸೈಟುಗಳ ಭದ್ರತಾ ಪ್ರಮಾಣಪತ್ರಗಳೂ ಅಪ್‌ಡೇಟ್ ಸಹಿಗಳೂ ತಾಳೆಯಾಗುವುದಿಲ್ಲ.

ಹಂತ 2: ಬಯಾಸ್ ಒಳಗೆ ನಾಲ್ಕು ಕೆಲಸ

ಬಯಾಸ್ ಎಂದರೆ ಆಪರೇಟಿಂಗ್ ಸಿಸ್ಟಂ ಏಳುವ ಮುಂಚೆ ಯಂತ್ರವನ್ನು ಎಬ್ಬಿಸುವ ಚಿಕ್ಕ ತಂತ್ರಾಂಶ. ಆನ್ ಮಾಡಿದ ಕೂಡಲೇ ಡೆಲ್‌ನಲ್ಲಿ ಎಫ್2, ಎಚ್‌ಪಿಯಲ್ಲಿ ಎಫ್10, ಥಿಂಕ್‌ಸ್ಟೇಷನ್‌ನಲ್ಲಿ ಎಫ್1 ಒತ್ತುತ್ತಾ ಇರಿ. ಪಾಸ್‌ವರ್ಡ್ ಕೇಳಿದರೆ ಗಾಬರಿ ಬೇಡ, ಕಂಪನಿಗಳಿಂದ ಬಂದ ಯಂತ್ರಗಳಲ್ಲಿ ಇದು ಮಾಮೂಲಿ. ಮದರ್‌ಬೋರ್ಡಿನಲ್ಲಿ ಪಾಸ್‌ವರ್ಡ್ ಅಳಿಸುವ ಜಂಪರ್ (ಪಿನ್‌ಗಳ ಮೇಲೆ ಕೂರುವ ಪುಟ್ಟ ಕ್ಲಿಪ್) ಇರುತ್ತದೆ, ಎಲ್ಲಿದೆಯೆಂದು ಆ ಮಾಡೆಲ್ಲಿನ ಸರ್ವಿಸ್ ಮ್ಯಾನ್ಯುಯಲ್ ಹೇಳುತ್ತದೆ. ಕೊಳ್ಳುವ ಮುಂಚೆಯೇ ಮಾರುವವರಿಂದ ತೆಗೆಸಿಕೊಂಡರೆ ಇನ್ನೂ ವಾಸಿ.

ಒಂದು, ದಿನಾಂಕ-ಸಮಯ ಸರಿಮಾಡಿ.

ಎರಡು, ಸಾಟಾ ವಿಧಾನ. ಡಿಸ್ಕ್ ಜೊತೆ ಯಂತ್ರ ಯಾವ ಭಾಷೆಯಲ್ಲಿ ಮಾತಾಡಬೇಕು ಎನ್ನುವ ಆಯ್ಕೆ ಇದು. ‘ರೈಡ್ ಆನ್’ ಎಂದಿದ್ದರೆ ‘ಎಎಚ್‌ಸಿಐ’ಗೆ ಬದಲಿಸಿ. ಟಿ3500ರಲ್ಲಿ ಅದು ‘ರೈಡ್ ಆಟೋಡಿಟೆಕ್ಟ್/ಎಎಚ್‌ಸಿಐ’ ಎಂಬ ಹೆಸರಿನಲ್ಲಿರುತ್ತದೆ. ಎಚ್‌ಪಿಯಲ್ಲಿ ಸ್ಟೋರೇಜ್ ಮೆನುವಿನ ಒಳಗೆ ‘ಸಾಟಾ ಎಮ್ಯುಲೇಷನ್’ ಎಂದು. ಎಚ್ಚರಿಕೆ: ಈಗಿರುವ ವಿಂಡೋಸನ್ನು ಉಳಿಸಿಕೊಳ್ಳುವ ಯೋಚನೆ ಇದ್ದರೆ ಇದನ್ನು ಮುಟ್ಟುವ ಮುಂಚೆ ಎರಡು ಸಲ ಯೋಚಿಸಿ. ವಿಧಾನ ಬದಲಾದರೆ ವಿಂಡೋಸ್ ನೀಲಿ ಪರದೆ ತೋರಿಸಿ ನಿಂತುಬಿಡುವುದುಂಟು. ವಾಪಸ್ ಹಳೆಯ ಆಯ್ಕೆಗೆ ತಂದರೆ ಏಳುತ್ತದೆ.

ಮೂರು, ವರ್ಚುಯಲೈಸೇಷನ್, ಅಂದರೆ ಒಂದು ಯಂತ್ರದೊಳಗೆ ಇನ್ನೊಂದು ಆಪರೇಟಿಂಗ್ ಸಿಸ್ಟಂ ಓಡಿಸುವ ಸೌಲಭ್ಯ, ಆನ್ ಮಾಡಿಡಿ. 8ನೇ ಹಂತದಲ್ಲಿ ಉಪಯೋಗಕ್ಕೆ ಬರುತ್ತದೆ.

ನಾಲ್ಕು, ಬೂಟ್ ಆಗುವ ಬಗೆ. ಟಿ3500, ಝಡ್400 ಹಳೆಯ ಬಯಾಸ್ ಬಗೆಯವು. ಝಡ್420 ಪೀಳಿಗೆಯಲ್ಲಿ ಹೊಸ ಬಗೆಯಾದ ಯುಇಎಫ್‌ಐ ಕೂಡ ಇದೆ. ಯಾವುದಾದರೂ ಸರಿ, ಒಂದನ್ನೇ ಆರಿಸಿ ಅದರಲ್ಲೇ ಇರಿ. ಒಂದು ಬಗೆಯಲ್ಲಿ ಇನ್‌ಸ್ಟಾಲ್ ಮಾಡಿ ಇನ್ನೊಂದಕ್ಕೆ ಬದಲಿಸಿ ‘ಲಿನಕ್ಸ್ ಮಾಯವಾಯ್ತು’ ಎನ್ನುವವರು ಬಹಳ ಜನ.

ಝಡ್420ರಲ್ಲಿ ಮುಂದೆ ಪ್ರೊಸೆಸರ್ ಬದಲಿಸುವ ಆಸೆ ಇದ್ದರೆ, ಬಯಾಸ್ ಒಳಗೆ ‘ಬೂಟ್ ಬ್ಲಾಕ್’ ದಿನಾಂಕವನ್ನೂ ನೋಡಿಕೊಳ್ಳಿ. 2013ರದಾದರೆ ಇ5 ಝಿಯಾನ್‌ನ ವಿ2 ಸರಣಿ ಹಿಡಿಸುತ್ತದೆ. 2011ರದಾದರೆ ಇಲ್ಲ, ಬಯಾಸ್ ಅಪ್‌ಡೇಟ್ ಮಾಡಿದರೂ ಇಲ್ಲ.

ಹಂತ 3: ಪೆನ್‌ಡ್ರೈವ್ ಸಿದ್ಧಮಾಡಿ

ಮಿಂಟ್‌ನ ಅಧಿಕೃತ ತಾಣದಿಂದ ಐಎಸ್‌ಒ ಫೈಲ್ (ಇಡೀ ಮಿಂಟ್ ಒಂದೇ ಫೈಲಿನಲ್ಲಿ) ಇಳಿಸಿಕೊಳ್ಳಿ. ಪಕ್ಕದಲ್ಲೇ ಕೊಟ್ಟಿರುವ ಎಸ್‌ಎಚ್‌ಎ256 ಮೊತ್ತದ ಜೊತೆ ತಾಳೆ ನೋಡಿ. ಇಳಿಸುವಾಗ ಒಂದು ಬಿಟ್ ಕೆಟ್ಟಿದ್ದರೂ ಈ ಮೊತ್ತ ಬೇರೆಯೇ ಬರುತ್ತದೆ. ವಿಂಡೋಸಿನಲ್ಲಿ ರೂಫಸ್ ಅಥವಾ ಎಚರ್ ಬಳಸಿ ಪೆನ್‌ಡ್ರೈವಿಗೆ ಬರೆಯಿರಿ. ಫೈಲನ್ನು ಸುಮ್ಮನೆ ಕಾಪಿ-ಪೇಸ್ಟ್ ಮಾಡಿದರೆ ಬೂಟ್ ಆಗುವುದಿಲ್ಲ. ರೂಫಸ್‌ನಲ್ಲಿ ವಿಭಜನೆಯ ಬಗೆ ಎಂಬಿಆರ್ ಇರಲಿ. ಬರೆದ ಪೆನ್‌ಡ್ರೈವ್ ಹಳೆಯ ಬಯಾಸಿನಲ್ಲಿ ಏಳದಿದ್ದರೆ ಎರಡನೇ ಸಲ ‘ಡಿಡಿ’ ವಿಧಾನ ಆರಿಸಿ. ಪೆನ್‌ಡ್ರೈವಿನಲ್ಲಿದ್ದ ಮದುವೆ ಫೋಟೊ ಎಲ್ಲ ಅಳಿಯುತ್ತದೆ, ಮೊದಲೇ ತೆಗೆದಿಡಿ.

ಹಂತ 4: ಇನ್‌ಸ್ಟಾಲ್ ಮಾಡದೆ ಓಡಿಸಿ

ಈ ಹಂತಕ್ಕಾಗಿಯೇ ಇಷ್ಟೆಲ್ಲ ಬರೆದದ್ದು. ಪೆನ್‌ಡ್ರೈವಿನಿಂದ ಮಿಂಟ್ ನೇರವಾಗಿ ಓಡುತ್ತದೆ, ನಿಮ್ಮ ಡಿಸ್ಕಿನಲ್ಲಿ ಒಂದಕ್ಷರ ಬರೆಯುವುದಿಲ್ಲ. ಡೆಲ್ ಮತ್ತು ಲೆನೊವೊದಲ್ಲಿ ಎಫ್12, ಎಚ್‌ಪಿಯಲ್ಲಿ ಎಫ್9 ಒತ್ತಿ ಪೆನ್‌ಡ್ರೈವ್ ಆರಿಸಿ.

ಮೆನುವಿನಲ್ಲಿ ಮೊದಲನೆಯ ಸಾಲು ಆರಿಸಿದ ಮೇಲೆ ಪರದೆ ಕಪ್ಪಾಗಿಯೇ ಉಳಿದರೆ ಅಥವಾ ಬಣ್ಣಬಣ್ಣದ ಗೀರು ಬಂದರೆ ಯಂತ್ರ ಹಾಳಾಗಿದೆಯೆಂದಲ್ಲ. ಮತ್ತೆ ಶುರುಮಾಡಿ ‘ಕಂಪ್ಯಾಟಿಬಿಲಿಟಿ ಮೋಡ್’ ಆರಿಸಿ. ಅದು ಗ್ರಾಫಿಕ್ಸ್ ಕಾರ್ಡಿನ ನಿಜವಾದ ಡ್ರೈವರನ್ನು ಪಕ್ಕಕ್ಕಿಟ್ಟು ಸಾದಾ ಪರದೆ ಕೊಡುತ್ತದೆ. ಡ್ರೈವರ್ ಎಂದರೆ ಕರ್ನಲ್ ಮತ್ತು ಚಿಪ್ ನಡುವಿನ ದುಭಾಷಿ.

ಡೆಸ್ಕ್‌ಟಾಪ್ ಬಂತೇ? ‘ಸಿಸ್ಟಂ ರಿಪೋರ್ಟ್ಸ್’ ತೆರೆದು ‘ಸಿಸ್ಟಂ ಇನ್ಫರ್ಮೇಷನ್’ ಪುಟ ನೋಡಿ. ಯಾವ ಭಾಗಕ್ಕೆ ಯಾವ ಡ್ರೈವರ್ ಅಂಟಿಕೊಂಡಿದೆ ಎಂದು ಅಲ್ಲೇ ಇರುತ್ತದೆ. ಇನ್ನೂ ಖಚಿತವಾಗಿ ಬೇಕಾದರೆ ಟರ್ಮಿನಲ್ (ಆದೇಶ ಟೈಪಿಸುವ ಕಿಟಕಿ) ತೆರೆದು, ಫೋನಿನಲ್ಲಿ ಹೇಳುವ ಹಾಗೆ ಹೇಳುತ್ತೇನೆ, ಎಲ್‌, ಎಸ್‌, ಪಿ, ಸಿ, ಐ ಅಕ್ಷರಗಳನ್ನು ಒಟ್ಟಿಗೆ, ಒಂದು ಜಾಗ ಬಿಟ್ಟು ಹೈಫನ್, ಅದಕ್ಕೆ ಅಂಟಿಸಿ ಎನ್‌, ಎನ್‌, ಕೆ ಹೊಡೆಯಿರಿ. ಎಲ್ಲ ಇಂಗ್ಲಿಷಿನ ಸಣ್ಣಕ್ಷರ.

ಪ್ರತಿ ಚಿಪ್ಪಿಗೂ ಒಂದು ಗುಂಪು ಸಾಲು ಬರುತ್ತದೆ. ಚೌಕ ಆವರಣದಲ್ಲಿ ಎರಡು ಸಂಖ್ಯೆ, ನಡುವೆ ಕೋಲನ್. ಮೊದಲನೆಯದು ತಯಾರಕರ ಗುರುತು: 8086 ಎಂದರೆ ಇಂಟೆಲ್ (ತಮ್ಮ ಹಳೇ ಪ್ರೊಸೆಸರಿನ ಸಂಖ್ಯೆಯನ್ನೇ ಇಟ್ಟುಕೊಂಡಿದ್ದಾರೆ), 1002 ಎಂದರೆ ಎಎಂಡಿಯ ಗ್ರಾಫಿಕ್ಸ್, 10ಡಿಇ ಎಂದರೆ ಎನ್‌ವಿಡಿಯಾ. ಎರಡನೆಯದು ಚಿಪ್ಪಿನ ಸಂಖ್ಯೆ. ಯಾರ ಹತ್ತಿರ ಸಹಾಯ ಕೇಳುವುದಾದರೂ ಈ ಜೋಡಿ ಸಂಖ್ಯೆ ಕೊಡಿ, ಉತ್ತರ ಬೇಗ ಸಿಗುತ್ತದೆ. ಗುಂಪಿನ ಕೆಳಗೆ ‘ಕರ್ನಲ್ ಡ್ರೈವರ್ ಇನ್ ಯೂಸ್’ ಎಂಬ ಸಾಲು ಇದ್ದರೆ ಆ ಚಿಪ್ಪಿಗೆ ದುಭಾಷಿ ಸಿಕ್ಕಿದ್ದಾನೆ. ಗ್ರಾಫಿಕ್ಸ್, ನೆಟ್‌ವರ್ಕ್, ಆಡಿಯೊ, ಸಾಟಾ ಈ ನಾಲ್ಕಕ್ಕೂ ಆ ಸಾಲು ಇದೆಯಾ ನೋಡಿ. ಕಂಪ್ಯಾಟಿಬಿಲಿಟಿ ಮೋಡಿನಲ್ಲಿ ಬಂದಿದ್ದರೆ ಗ್ರಾಫಿಕ್ಸಿಗೆ ಮಾತ್ರ ಇಲ್ಲದಿರಬಹುದು. ಮಿಕ್ಕ ಸಣ್ಣಪುಟ್ಟ ಸಾಲುಗಳಲ್ಲಿ ಇಲ್ಲದಿದ್ದರೆ ತಲೆ ಕೆಡಿಸಿಕೊಳ್ಳಬೇಡಿ.

ಟಿ3500, ಝಡ್400 ತಲೆಮಾರಿನಲ್ಲಿ ಕರ್ನಲ್ ಸಂದೇಶಗಳ ನಡುವೆ ‘ಇಂಟರಪ್ಟ್ ರೀಮ್ಯಾಪಿಂಗ್’ ಬಗ್ಗೆ ಒಂದು ಎಚ್ಚರಿಕೆ ಕಾಣಿಸಬಹುದು. ಆ ಎಕ್ಸ್58 ಚಿಪ್‌ಸೆಟ್ಟಿನಲ್ಲಿದ್ದ ಹುಟ್ಟು ದೋಷ ಅದು. ಕರ್ನಲ್ ಆ ಸೌಲಭ್ಯವನ್ನು ತಾನೇ ಆರಿಸಿ ಮುಂದೆ ಹೋಗುತ್ತದೆ.

ಹಂತ 5: ಗ್ರಾಫಿಕ್ಸ್ ಕಾರ್ಡ್, ನಿಜವಾದ ತಲೆನೋವು

ನನಗೆ ಬರುವ ಹತ್ತು ದೂರಿನಲ್ಲಿ ಏಳು ಇದರದ್ದೇ. ಎಎಂಡಿ ಫೈರ್‌ಪ್ರೊ ಕಾರ್ಡ್ ಇದ್ದರೆ ನೀವು ಅದೃಷ್ಟವಂತರು: ವಿ4900 ಆಗಲಿ, ಡಬ್ಲ್ಯು5000 ಆಗಲಿ, ಡ್ರೈವರ್ ಕರ್ನಲ್ ಒಳಗೇ ಇದೆ. ಏನೂ ಇನ್‌ಸ್ಟಾಲ್ ಮಾಡಬೇಡಿ. ಎಎಂಡಿ ತಾಣದಿಂದ ಹಳೆಯ ಡ್ರೈವರ್ ಇಳಿಸಿ ಹಾಕಲು ಹೋಗಿ ಕೆಡಿಸಿಕೊಳ್ಳುವವರೂ ಇದ್ದಾರೆ, ಆ ದಾರಿ ಹಿಡಿಯಬೇಡಿ.

ಎನ್‌ವಿಡಿಯಾ ಕ್ವಾಡ್ರೊ ಆದರೆ ಎರಡು ದಾರಿ. ಒಂದು ‘ನೋವೋ’, ಸ್ವಯಂಸೇವಕರು ಚಿಪ್ಪನ್ನು ಹೊರಗಿನಿಂದ ಅಧ್ಯಯನ ಮಾಡಿ ಬರೆದ ಮುಕ್ತ ಡ್ರೈವರ್, ಮಿಂಟ್‌ನಲ್ಲಿ ತಾನಾಗಿಯೇ ಬರುತ್ತದೆ. ಇನ್ನೊಂದು ಎನ್‌ವಿಡಿಯಾದ್ದೇ ಮುಚ್ಚಿದ ಡ್ರೈವರ್. ಮುಚ್ಚಿದ್ದರ ಸಮಸ್ಯೆ ಏನೆಂದರೆ, ಹಳೆಯ ಪೀಳಿಗೆಗಳನ್ನು ಕಂಪನಿ ಒಂದೊಂದಾಗಿ ಬಿಡುತ್ತಾ ಬಂದಿದೆ. ಬಿಟ್ಟ ಡ್ರೈವರ್ ಹೊಸ ಕರ್ನಲ್ ಜೊತೆ ಇವತ್ತಲ್ಲ ನಾಳೆ ಮುರಿಯುತ್ತದೆ.

ಕ್ವಾಡ್ರೊ ಎಫ್‌ಎಕ್ಸ್ ಸರಣಿ (ಎಫ್‌ಎಕ್ಸ್ 580, 1800, 3800): ಕೊನೆಯ ಡ್ರೈವರ್ 340, ಬೆಂಬಲ 2019ಕ್ಕೆ ಮುಗಿಯಿತು. ಕ್ವಾಡ್ರೊ 600, 2000, 4000: ಡ್ರೈವರ್ 390, 2022ಕ್ಕೆ ಮುಗಿಯಿತು. ಇವೆರಡಕ್ಕೂ ನೋವೋದಲ್ಲೇ ಇರಿ. ಬ್ರೌಸಿಂಗ್, ಕಚೇರಿ ಕೆಲಸ, ಎರಡು ಮಾನಿಟರ್, ಇಷ್ಟಕ್ಕೆ ಧಾರಾಳ.

ಇನ್ನು ‘ಕೆ’ ಸರಣಿ. ಇಲ್ಲೇ ಜನ ಮೋಸ ಹೋಗುವುದು. ಕೆ600, ಕೆ2000, ಕೆ4000, ಕೆ4200 ಎಲ್ಲ ಕೆಪ್ಲರ್ ಪೀಳಿಗೆ. ಕೊನೆಯ ಡ್ರೈವರ್ 470, ಬೆಂಬಲ 2024ರಲ್ಲಿ ನಿಂತಿತು. ಆದರೆ ಕೆ620 ಮತ್ತು ಕೆ2200, ಹೆಸರಿನಲ್ಲಿ ‘ಕೆ’ ಇದ್ದರೂ, ಮುಂದಿನ ಮ್ಯಾಕ್ಸ್‌ವೆಲ್ ಪೀಳಿಗೆಯವು. ಕೆ600 ಮತ್ತು ಕೆ620 ನಡುವೆ ಅಂಗಡಿಯವರಿಗೆ 20ರ ವ್ಯತ್ಯಾಸ, ನಿಮಗೆ ಒಂದಿಡೀ ಪೀಳಿಗೆಯ ವ್ಯತ್ಯಾಸ. ಮ್ಯಾಕ್ಸ್‌ವೆಲ್, ಅದರ ನಂತರದ ಪಾಸ್ಕಲ್ (ಪಿ400, ಪಿ620, ಪಿ1000) ಇವುಗಳಿಗೆ 580ನೇ ಸರಣಿಯೇ ಕೊನೆಯದು ಎಂದು ಎನ್‌ವಿಡಿಯಾ ಹೇಳಿದೆ.

ಹಾಗಾದರೆ ಏನು ಮಾಡಬೇಕು? ಇನ್‌ಸ್ಟಾಲ್ ಆದ ಮೇಲೆ ಮಿಂಟ್‌ನ ‘ಡ್ರೈವರ್ ಮ್ಯಾನೇಜರ್’ ತೆರೆಯಿರಿ, ಅದು ನಿಮ್ಮ ಕಾರ್ಡಿಗೆ ಹೊಂದುವ ಸಂಖ್ಯೆಯನ್ನು ತಾನೇ ತೋರಿಸುತ್ತದೆ. ಮ್ಯಾಕ್ಸ್‌ವೆಲ್ ಮತ್ತು ಪಾಸ್ಕಲ್‌ಗೆ ಅದನ್ನು ಒಪ್ಪಿಕೊಳ್ಳಿ. ಈ ಪೀಳಿಗೆಗಳಲ್ಲಿ ಹೆಚ್ಚಿನ ಕಾರ್ಡುಗಳ ವೇಗವನ್ನು ನೋವೋ ಏರಿಸಲಾರದು, ಎನ್‌ವಿಡಿಯಾ ಸಹಿ ಇರುವ ಫರ್ಮ್‌ವೇರ್ (ಚಿಪ್ಪಿನೊಳಗೇ ಓಡುವ ಚಿಕ್ಕ ತಂತ್ರಾಂಶ) ಇಲ್ಲದೆ ಚಿಪ್ ಬಗ್ಗುವುದಿಲ್ಲ. ಕೆಪ್ಲರ್‌ಗೆ 470 ತೋರಿಸಿದರೆ, ಬ್ಲೆಂಡರ್‌ನಂಥ ಮೂರು ಆಯಾಮದ ಕೆಲಸ ಇದ್ದವರು ಮಾತ್ರ ಹಾಕಿಕೊಳ್ಳಿ, ಕರ್ನಲ್ ಅಪ್‌ಡೇಟ್ ಆದ ದಿನ ಪರದೆ ಕಪ್ಪಾಗಬಹುದೆಂದು ಗೊತ್ತಿರಲಿ. ಎಚ್ಚರಿಕೆ: ಎನ್‌ವಿಡಿಯಾ ತಾಣದಿಂದ ಡ್ರೈವರ್ ಫೈಲನ್ನು ನೇರವಾಗಿ ಇಳಿಸಿ ಓಡಿಸಬೇಡಿ. ಆಮೇಲೆ ಪ್ರತಿ ಕರ್ನಲ್ ಬದಲಾದಾಗಲೂ ಅದರ ಯೋಗಕ್ಷೇಮ ನಿಮ್ಮದೇ.

ಕೈಯಲ್ಲಿ ಸ್ವಲ್ಪ ಕಾಸಿದ್ದರೆ ನನ್ನ ಸಲಹೆ ಹಳೆಯ ಕಾರ್ಡಿನ ಜೊತೆ ಗುದ್ದಾಡಬೇಡಿ ಎಂದೇ. ಸೆಕೆಂಡ್‌ಹ್ಯಾಂಡ್ ಪಿ400 ಅಥವಾ ಪಿ620 ಹಾಕಿ. ಇವಕ್ಕೆ ಬೇರೆ ಪವರ್ ಕೇಬಲ್ ಬೇಡ, ಸ್ಲಾಟಿನಿಂದಲೇ ಕರೆಂಟ್ ಎಳೆದುಕೊಳ್ಳುತ್ತವೆ. ಕಿಂಡಿಗಳೆಲ್ಲ ಮಿನಿ ಡಿಸ್‌ಪ್ಲೇಪೋರ್ಟ್, ಅದಕ್ಕೊಂದು ಅಡಾಪ್ಟರ್ ಮರೆಯಬೇಡಿ.

ಹಂತ 6: ಡಿಸ್ಕ್ ಕಾಣಿಸುತ್ತಾ?

ಪೆನ್‌ಡ್ರೈವಿನಿಂದ ಓಡುತ್ತಿರುವ ಡೆಸ್ಕ್‌ಟಾಪಿನಲ್ಲೇ ‘ಡಿಸ್ಕ್ಸ್’ ತೆರೆಯಿರಿ. ನಿಮ್ಮ ಎಸ್‌ಎಸ್‌ಡಿ ಅಲ್ಲಿ ಇಲ್ಲವೆಂದರೆ ಮೊದಲ ಗುಮಾನಿ ಸಾಟಾ ವಿಧಾನದ ಮೇಲೆ, 2ನೇ ಹಂತಕ್ಕೆ ವಾಪಸ್ ಹೋಗಿ. ಎಎಚ್‌ಸಿಐ ಆಗಿಯೂ ಡಿಸ್ಕ್ ವಿಚಿತ್ರ ಹೆಸರಿನಲ್ಲಿ ಕಂಡರೆ ಅಥವಾ ಇನ್‌ಸ್ಟಾಲರ್‌ಗೆ ಮಾತ್ರ ಕಾಣದಿದ್ದರೆ, ಅದು ಹಿಂದೆ ಕಂಪನಿಯಲ್ಲಿ ರೈಡ್ ಜೋಡಿಯ ಒಂದು ಭಾಗವಾಗಿದ್ದ ಡಿಸ್ಕ್. ರೈಡ್ ಎಂದರೆ ಹಲವು ಡಿಸ್ಕ್‌ಗಳನ್ನು ಒಂದಾಗಿ ಕಟ್ಟುವುದು. ಆ ಕಟ್ಟಿನ ಗುರುತು ಡಿಸ್ಕಿನ ತುದಿಯಲ್ಲಿ ಉಳಿದಿರುತ್ತದೆ, ಸಾಧಾರಣ ಫಾರ್ಮ್ಯಾಟಿಗೆ ಅಳಿಯುವುದಿಲ್ಲ. ಬಯಾಸ್‌ನಲ್ಲಿ ರೈಡ್ ಆನ್ ಮಾಡಿ, ಇಂಟೆಲ್ ರೈಡ್ ಪರದೆಗೆ ಕಂಟ್ರೋಲ್-ಐ ಒತ್ತಿ ಹೋಗಿ, ಡಿಸ್ಕನ್ನು ‘ನಾನ್-ರೈಡ್’ ಮಾಡಿ, ಮತ್ತೆ ಎಎಚ್‌ಸಿಐಗೆ ಬನ್ನಿ. ಡಿಸ್ಕಿನಲ್ಲಿದ್ದುದೆಲ್ಲ ಹೋಗುತ್ತದೆ.

ಟಿ5500ರಂಥ ದೊಡ್ಡ ಯಂತ್ರಗಳಲ್ಲಿ ಸರ್ವರ್ ಬಗೆಯ ಡಿಸ್ಕ್ ಜೋಡಿಸುವ ಎಸ್‌ಎಎಸ್ ಕಾರ್ಡ್ ಇರಬಹುದು. ಅದರಲ್ಲಿ ಎಲ್‌ಎಸ್‌ಐ 1068ಇ ಚಿಪ್ ಕಂಡರೆ, 2 ಟಿಬಿಗಿಂತ ದೊಡ್ಡ ಡಿಸ್ಕನ್ನು ಅದು ಪೂರ್ತಿ ನೋಡಲಾರದು. ಡಿಸ್ಕನ್ನು ಬೋರ್ಡಿನ ಸಾಟಾ ಕಿಂಡಿಗೆ ಚುಚ್ಚಿ.

ಕಿಂಡಿಗಳೂ ಒಂದೇ ತರ ಅಲ್ಲ. ಝಡ್420ರಲ್ಲಿ ಎರಡು ಕಿಂಡಿ ಮಾತ್ರ 6 ಗಿಗಾಬಿಟ್ ವೇಗದವು, ಎಸ್‌ಎಸ್‌ಡಿ ಅಲ್ಲೇ ಇರಲಿ. ಟಿ3500ರಲ್ಲಿ ಎಲ್ಲವೂ 3 ಗಿಗಾಬಿಟ್, ಸೆಕೆಂಡಿಗೆ 300 ಎಂಬಿ ದಾಟುವುದಿಲ್ಲ. ದಿನದ ಕೆಲಸದಲ್ಲಿ ವ್ಯತ್ಯಾಸ ಗೊತ್ತಾಗುವುದು ಕಡಮೆ. ಸಾಟಾಕ್ಕಿಂತ ವೇಗದ ಹೊಸ ಬಗೆಯಾದ ಎನ್‌ವಿಎಂಇ ಎಸ್‌ಎಸ್‌ಡಿಯನ್ನು ಅಡಾಪ್ಟರ್ ಹಾಕಿ ಕೂರಿಸಿದರೆ ಲಿನಕ್ಸ್‌ಗೆ ಕಾಣುತ್ತದೆ, ಆದರೆ ಈ ಬಯಾಸುಗಳು ಅದರಿಂದ ಬೂಟ್ ಆಗುವುದಿಲ್ಲ. ಅದನ್ನು ದತ್ತಾಂಶಕ್ಕೆ ಇಟ್ಟುಕೊಂಡು ಬೂಟ್ ಭಾಗವನ್ನು ಸಾಟಾ ಡಿಸ್ಕಿನಲ್ಲಿಡಿ.

ಹಂತ 7: ನೆಟ್‌ವರ್ಕ್, ಧ್ವನಿ, ನಿದ್ದೆ

ಬೋರ್ಡಿನ ಕೇಬಲ್ ನೆಟ್‌ವರ್ಕ್ ಬಗ್ಗೆ ಚಿಂತೆಯೇ ಬೇಡ. ಇಂಟೆಲ್ ಮತ್ತು ಬ್ರಾಡ್‌ಕಾಮ್ ಚಿಪ್‌ಗಳು ಚುಚ್ಚಿದ ತಕ್ಷಣ ಓಡುತ್ತವೆ. ವೈಫೈ ಈ ಯಂತ್ರಗಳಲ್ಲಿ ಇರುವುದಿಲ್ಲ, ಯುಎಸ್‌ಬಿ ಕಡ್ಡಿ ಕೊಳ್ಳುತ್ತೀರಿ. ಅಲ್ಲೂ ಚಿಪ್ಪನ್ನೇ ಕೇಳಿ: ಟಿಪಿ-ಲಿಂಕ್ 722ಎನ್ ಮೊದಲ ಆವೃತ್ತಿಯಲ್ಲಿ ಅಥೆರೋಸ್ ಚಿಪ್ ಇತ್ತು, ಎರಡನೆಯದರಿಂದ ರಿಯಲ್‌ಟೆಕ್. ಡಬ್ಬಿ, ಹೆಸರು ಅದೇ. ತತ್ಕಾಲಕ್ಕೆ ಆಂಡ್ರಾಯ್ಡ್ ಫೋನನ್ನು ಕೇಬಲ್‌ನಲ್ಲಿ ಜೋಡಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ, ಯಾವ ಡ್ರೈವರೂ ಹುಡುಕದೆ ಇಂಟರ್ನೆಟ್ ಬರುತ್ತದೆ.

ಧ್ವನಿ ಬರದಿದ್ದರೆ ಹೆಚ್ಚಿನ ಸಲ ಅದು ಡಿಸ್‌ಪ್ಲೇಪೋರ್ಟ್ ಕಡೆ ಹೋಗುತ್ತಿರುತ್ತದೆ, ಸೌಂಡ್ ಆಯ್ಕೆಯಲ್ಲಿ ಬದಲಿಸಿ. ನಿದ್ದೆಗೆ ಹೋಗಿ ಎದ್ದಾಗ ಪರದೆ ಬಾರದಿದ್ದರೆ ಹಳೆಯ ಕ್ವಾಡ್ರೊಗಳ ಜೊತೆ ಹೋರಾಡುವುದಕ್ಕಿಂತ ನಿದ್ದೆಯನ್ನೇ ಆಫ್ ಮಾಡಿ.

ಹಂತ 8: ಪ್ರಿಂಟರ್, ನುಡಿ, ಟ್ಯಾಲಿ

ನಮ್ಮೂರಿನ ಜೆರಾಕ್ಸ್ ಅಂಗಡಿಗಳಿಂದ ಆಡಿಟರ್ ಕಚೇರಿಗಳವರೆಗೆ ಲಿನಕ್ಸ್ ಹಾಕಿ ವಾಪಸ್ ವಿಂಡೋಸಿಗೆ ಹೋದವರನ್ನು ಕೇಳಿ, ಕಾರಣ ಯಂತ್ರವಾಗಿರುವುದಿಲ್ಲ. ಈ ಮೂರರಲ್ಲಿ ಒಂದಾಗಿರುತ್ತದೆ.

ಎಚ್‌ಪಿ ಲೇಸರ್‌ಜೆಟ್ 1020, ಪಿ1007, ಪಿ1108 ಓಡುತ್ತವೆ, ಆದರೆ ಎಚ್‌ಪಿಲಿಪ್ ತಂತ್ರಾಂಶದ ಜೊತೆ ಒಂದು ಮುಚ್ಚಿದ ಪ್ಲಗಿನ್ ಬೇಕು. 1020ರ ಒಳಗೆ ಶಾಶ್ವತ ಫರ್ಮ್‌ವೇರ್ ಇಲ್ಲ, ಸ್ವಿಚ್ ಹಾಕಿದಾಗಲೆಲ್ಲ ಕಂಪ್ಯೂಟರೇ ಅದನ್ನು ಕಳಿಸಬೇಕು. ಎಚ್‌ಪಿಲಿಪ್ ಅಪ್‌ಡೇಟ್ ಆಗಿ ಪ್ಲಗಿನ್ ಹಳೆಯದೇ ಉಳಿದರೆ ಪ್ರಿಂಟರ್ ಸುಮ್ಮನಾಗುತ್ತದೆ, ಪ್ಲಗಿನ್ ಮತ್ತೆ ಹಾಕಿ. ಕ್ಯಾನನ್ ಎಲ್‌ಬಿಪಿ2900 ಇನ್ನೂ ಕಷ್ಟ. ಅದು ಕ್ಯಾಪ್ಟ್ ಎಂಬ ಸ್ವಂತ ಭಾಷೆಯಲ್ಲಿ ಮಾತಾಡುತ್ತದೆ. ಕ್ಯಾನನ್ ಕೊಟ್ಟ ಲಿನಕ್ಸ್ ಡ್ರೈವರ್ ಹಳೆಯದು. ದಿನಕ್ಕೆ ನೂರು ಪುಟ ತೆಗೆಯುವ ಅಂಗಡಿಯಲ್ಲಿ ಇದೇ ಪ್ರಿಂಟರ್ ಇದ್ದರೆ, ಆ ಒಂದು ಯಂತ್ರವನ್ನು ಲಿನಕ್ಸ್‌ಗೆ ತರಬೇಡಿ ಎಂದೇ ಹೇಳುವೆ.

ಕನ್ನಡ ಟೈಪಿಂಗಿಗೆ ‘ಐಬಸ್’ ಮತ್ತು ‘ಐಬಸ್-ಎಂ17ಎನ್’ ಪ್ಯಾಕೇಜ್ ಹಾಕಿ, ಕನ್ನಡದಲ್ಲಿ ಕೆಜಿಪಿ ಕೀಲಿಮಣೆ ಆರಿಸಿ. ನುಡಿಯಲ್ಲಿ ಕೂತ ಬೆರಳುಗಳಿಗೆ ಹೊಸದಾಗಿ ಕಲಿಯುವುದೇನಿಲ್ಲ. ಗುಬ್ಬಿ, ನವಿಲು ಫಾಂಟುಗಳು ಸಾಫ್ಟ್‌ವೇರ್ ಮ್ಯಾನೇಜರಿನಲ್ಲೇ ಸಿಗುತ್ತವೆ. ಆದರೆ ಯುನಿಕೋಡ್‌ಗೆ ಮುಂಚಿನ ನುಡಿ ಫಾಂಟಿನಲ್ಲಿ ಟೈಪಿಸಿಟ್ಟ ಹಳೆಯ ಕಡತಗಳು ಇಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ವಿಂಡೋಸ್ ಇನ್ನೂ ಜೀವಂತವಿರುವಾಗಲೇ ಅವನ್ನು ಯುನಿಕೋಡ್‌ಗೆ ಪರಿವರ್ತಿಸಿಡಿ.

ಟ್ಯಾಲಿಗೆ ಲಿನಕ್ಸ್ ಆವೃತ್ತಿ ಇಲ್ಲ. ಲಿನಕ್ಸಿನೊಳಗೇ ಇನ್ನೊಂದು ಕಂಪ್ಯೂಟರ್ ಇದ್ದಂತೆ ಮಾಡುವ ವರ್ಚುವಲ್‌ಬಾಕ್ಸ್ ತಂತ್ರಾಂಶದಲ್ಲಿ ವಿಂಡೋಸ್ ಇಟ್ಟು ಓಡಿಸಿ. ವರ್ಚುಯಲೈಸೇಷನ್ ಆನ್ ಮಾಡಿ ಎಂದಿದ್ದು ಇದಕ್ಕೇ. 16 ಜಿಬಿ ಮೆಮೊರಿ ಇರುವ ವರ್ಕ್‌ಸ್ಟೇಷನ್‌ಗೆ ಇದು ಭಾರವಲ್ಲ.

ಹಂತ 9: ಇನ್‌ಸ್ಟಾಲ್

ಎಲ್ಲ ಸರಿ ಎನ್ನಿಸಿದ ಮೇಲೆ, ನಿಮ್ಮ ಫೈಲುಗಳನ್ನು ಬೇರೆ ಡಿಸ್ಕಿಗೆ ನಕಲಿಸಿ, ಡೆಸ್ಕ್‌ಟಾಪಿನ ಇನ್‌ಸ್ಟಾಲ್ ಚಿತ್ರ ಒತ್ತಿ. ಪ್ರಶ್ನೆಗಳೆಲ್ಲ ಸುಲಭ, ಒಂದರ ಹೊರತು. ವಿಭಾಗಗಳನ್ನು ನೀವೇ ಮಾಡಿಕೊಳ್ಳುವುದಾದರೆ ಕೆಳಗೆ ಬೂಟ್‌ಲೋಡರ್ ಎಲ್ಲಿ ಇರಿಸಬೇಕು ಎಂದು ಕೇಳುತ್ತದೆ. ಬೂಟ್‌ಲೋಡರ್ ಎಂದರೆ ಲಿನಕ್ಸನ್ನು ಎಬ್ಬಿಸುವ ತುಣುಕು. ಅಲ್ಲಿ ಪೆನ್‌ಡ್ರೈವಿನ ಹೆಸರು ಕೂತಿದ್ದರೆ, ಪೆನ್‌ಡ್ರೈವ್ ಕಿತ್ತ ದಿನ ಯಂತ್ರ ಏಳುವುದಿಲ್ಲ. ಲಿನಕ್ಸ್ ಹಾಕುತ್ತಿರುವ ಡಿಸ್ಕನ್ನೇ ಆರಿಸಿ. ಹಳೆಯ ಬಯಾಸಿನಲ್ಲಿ ವಿಭಾಗವನ್ನಲ್ಲ, ಇಡೀ ಡಿಸ್ಕನ್ನು. ಬೇರೆ ಡಿಸ್ಕ್‌ಗಳಿದ್ದರೆ ಕೇಬಲ್ ಕಿತ್ತಿಟ್ಟು ಇನ್‌ಸ್ಟಾಲ್ ಮಾಡುವುದು ನನ್ನ ರೂಢಿ. ತಪ್ಪಿ ಬೇರೆ ಡಿಸ್ಕ್ ಅಳಿಸುವ ಪ್ರಶ್ನೆಯೇ ಬರುವುದಿಲ್ಲ.

ಮೊದಲ ಸಲ ಎದ್ದ ಮೇಲೆ ಅಪ್‌ಡೇಟ್ ಮ್ಯಾನೇಜರ್ ಓಡಿಸಿ, ನಂತರ ಡ್ರೈವರ್ ಮ್ಯಾನೇಜರ್, ಆಮೇಲೆ ‘ಟೈಮ್‌ಶಿಫ್ಟ್’ ತೆರೆದು ಒಂದು ಚಿತ್ರ ತೆಗೆದಿಡಿ. ವ್ಯವಸ್ಥೆ ಕೆಟ್ಟರೆ ಆ ದಿನದ ಸ್ಥಿತಿಗೆ ವಾಪಸ್ ಬರಬಹುದು. ಹಳೆಯ ಕರ್ನಲ್ ಕನಿಷ್ಠ ಒಂದನ್ನಾದರೂ ಅಳಿಸದೆ ಉಳಿಸಿಕೊಳ್ಳಿ. ಮುಂದೊಂದು ದಿನ ಅಪ್‌ಡೇಟ್ ಆಗಿ ಪರದೆ ಕಪ್ಪಾದರೆ, ಯಂತ್ರ ಆನ್ ಮಾಡಿ ಹಳೆಯ ಬಯಾಸಿನಲ್ಲಿ ಶಿಫ್ಟ್ ಹಿಡಿದುಕೊಳ್ಳಿ, ಯುಇಎಫ್‌ಐ ಆದರೆ ಎಸ್ಕೇಪ್ ಒತ್ತಿ. ಬರುವ ಮೆನುವಿನಲ್ಲಿ ‘ಅಡ್ವಾನ್ಸ್ಡ್ ಆಪ್ಷನ್ಸ್’ ಒಳಗೆ ಹಿಂದಿನ ಕರ್ನಲ್ ಸಂಖ್ಯೆ ಆರಿಸಿದರೆ ನಿನ್ನೆಯಂತೆಯೇ ಏಳುತ್ತದೆ.